ದಾವಣಗೆರೆಯಿಂದ ಹರಿಹರ: ಹರಿಗೋಲಿನಿಂದ ಬಸ್ಸಿನವರೆಗೆ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ಇವತ್ತು ಅದು ಅರ್ಧ ಗಂಟೆಯ ದಾರಿ. ಹಿಂದೆ ಹಾಗಿರಲಿಲ್ಲ.

ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಇಲ್ಲಿ ಹರಿಹರೇಶ್ವರ ದೇವಸ್ಥಾನ ಕಟ್ಟಿಸಿದ್ದು 1224ರ ಸುಮಾರಿಗೆ. ಶಿವ, ವಿಷ್ಣು ಇಬ್ಬರೂ ಒಂದೇ ಮೂರ್ತಿಯಲ್ಲಿ ನಿಂತ ಊರು ಇದು. ದಾವಣಗೆರೆ ಕಡೆಯವರು ನಡೆದೋ ಎತ್ತಿನ ಗಾಡಿ ಕಟ್ಟಿಯೋ ಬರಬೇಕಿತ್ತು. ತುಂಗಭದ್ರೆಯ ಆಚೆ ದಡದವರಿಗೆ ಹರಿಗೋಲೇ ಗತಿ. ಹೊಳೆ ತುಂಬಿ ಬಂದರೆ ಗುಡಿ ಎದುರಿಗಿದ್ದರೂ ದರ್ಶನವಿಲ್ಲ, ಸಂತೆಯೂ ಇಲ್ಲ.

1868ರಲ್ಲಿ ಕಲ್ಲು, ಇಟ್ಟಿಗೆಯ 14 ಕಮಾನುಗಳ ಸೇತುವೆ ಎದ್ದಿತು. ಬೆಂಗಳೂರು–ಧಾರವಾಡ ಹೆದ್ದಾರಿ ಹೊಳೆ ದಾಟಿತು. ಆದರೂ ಈಚೆ ಮೈಸೂರು, ಆಚೆ ಮುಂಬಯಿ ಪ್ರಾಂತ್ಯ. ಎರಡೂ ದಡದ ಕನ್ನಡಿಗರು ಒಂದೇ ರಾಜ್ಯದವರಾಗಲು 1956ರ ತನಕ ಕಾಯಬೇಕಾಯಿತು. ಕಾಗದಪತ್ರಕ್ಕೆ ಚಿತ್ರದುರ್ಗದ ಜಿಲ್ಲಾ ಕಚೇರಿಗೆ ಅಲೆಯುವುದು ನಮ್ಮವರಿಗೆ ತಪ್ಪಿದ್ದು 1997ರಲ್ಲಿ, ದಾವಣಗೆರೆ ಜಿಲ್ಲೆಯಾದ ಮೇಲೆ.

ಈಗ ಹೋಗುವುದು ಹೇಗೆ? ಬಸ್ಸು ಆಗಾಗ ಸಿಗುತ್ತವೆ. ಶಕ್ತಿ ಯೋಜನೆ ಬಂದ 2023ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಜೊತೆಗಿರಲಿ. ಪ್ಯಾಸೆಂಜರ್ ರೈಲು ಅಗ್ಗ, ಆದರೆ ಅದರ ಹೊತ್ತಿಗೆ ನಾವು ಹೊಂದಿಕೊಳ್ಳಬೇಕು. ಬೈಕಿನವರು ಹಳೇ ಪಿ.ಬಿ. ರಸ್ತೆ ಹಿಡಿಯಿರಿ. ಹೊಸ ಹೆದ್ದಾರಿ ಊರನ್ನು ಪಕ್ಕಕ್ಕೆ ಬಿಟ್ಟು ಓಡುತ್ತದೆ.

ಹೊಳೆ ತಡೆದಾಗ ಜನ ಹರಿಹರದಲ್ಲಿ ತಂಗುತ್ತಿದ್ದರು. ಈಗ ತಡೆಯುವ ಹೊಳೆಯಿಲ್ಲ, ನಾವೇ ಇಳಿಯಬೇಕು. ಇಳಿದರೆ ದೇವಸ್ಥಾನದ ಅಂಗಳದ ಶಾಸನಗಳನ್ನೂ ಒಮ್ಮೆ ನೋಡಿ ಬನ್ನಿ.