ಶಿರಾದಿಂದ ಗಂಜಾಮಿಗೆ ನಡೆದ ಸಂಸಾರಗಳು



1784ರಲ್ಲಿ ಟಿಪ್ಪು ಸುಲ್ತಾನನ ಸೈನಿಕರು ಮಂಗಳೂರು ಸೀಮೆಯ ಕ್ರೈಸ್ತರನ್ನು ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದ ಸಂಗತಿ ನಮ್ಮ ಮನೆಗಳಲ್ಲಿ ಹೊಸದಲ್ಲ. ಅದು ವಿಭೂತಿ ಬುಧವಾರವೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಅನೇಕರು ದಾರಿಯಲ್ಲೇ ಸತ್ತರು; ಹುಡುಗರನ್ನು ಮತಾಂತರಿಸಿ ಸೈನ್ಯಕ್ಕೆ ಸೇರಿಸಿದರು. ಉಳಿದವರಿಗೆ ಬಿಡುಗಡೆಯಾದದ್ದು ಹೆಚ್ಚಾಗಿ 1799ರಲ್ಲಿ. ಆದರೆ ಅದೇ ದ್ವೀಪಕ್ಕೆ ನಮ್ಮ ಶಿರಾ ಊರಿನಿಂದಲೂ ಸಂಸಾರಗಳನ್ನು ಅಟ್ಟಲಾಯಿತೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಶಿರಾ ಆಗ ಸಾಮಾನ್ಯ ಊರಲ್ಲ. ಮೊಗಲರ ಸುಬೇದಾರಿಯ ರಾಜಧಾನಿ. ದಿಲಾವರ್ ಖಾನನ ಕಾಲದಲ್ಲಿ ಅಲ್ಲಿ 50,000 ಮನೆಗಳಿದ್ದವಂತೆ. ಅವನ ಅರಮನೆಯನ್ನು ನೋಡಿಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳನ್ನು ಕಟ್ಟಿದರೆಂದು ಬಿ. ಎಲ್. ರೈಸ್ ಬರೆದಿದ್ದಾರೆ. 1761ರಲ್ಲಿ ಹೈದರಾಲಿ ಶಿರಾವನ್ನು ಗೆದ್ದ. ಮುಂದೆ ಟಿಪ್ಪು ದ್ವೀಪದಲ್ಲಿ ಗಂಜಾಂ ಎಂಬ ಹೊಸ ಪೇಟೆ ಕಟ್ಟಿಸಿ, ಅದನ್ನು ತುಂಬಿಸಲು ಇಲ್ಲಿಂದ 12,000 ಸಂಸಾರಗಳನ್ನು ಬಲವಂತವಾಗಿ ಕರೆಸಿಕೊಂಡ. ಇದು ದುಂಡು ಲೆಕ್ಕ, ನಿಜ. ಆದರೂ ಮನೆಗೆ ನಾಲ್ವರೆಂದರೆ 48,000 ಜನ! ಅವರಲ್ಲಿ ಕೈಕೂಸುಗಳೆಷ್ಟೋ, ಬಸುರಿಯರೆಷ್ಟೋ. ನಡೆಯಬೇಕಾದ ದಾರಿಯೋ ಸುಮಾರು ನೂರು ಮೈಲಿ.

ಇದನ್ನು ಬರೀ ಮತದ್ವೇಷವೆಂದರೆ ಲೆಕ್ಕ ಕೂಡುವುದಿಲ್ಲ. ಮಂಗಳೂರಿನವರ ಮೇಲೆ ಇಂಗ್ಲಿಷರಿಗೆ ನೆರವಾದರೆಂಬ ಆರೋಪವಿತ್ತು. ಶಿರಾದವರ ಮೇಲೆ ಯಾವ ಆರೋಪ? ಅವರು ಹಿಂದೂಗಳೂ ಮುಸಲ್ಮಾನರೂ ಕೂಡಿ ಬಾಳಿದ ಊರಿನವರು. ದೊರೆಗೆ ಬೇಕಾದದ್ದು ಪೇಟೆ ತುಂಬಿಸುವ ಜನ, ದುಡಿಯುವ ಕೈ, ಬಂದೂಕು ಹಿಡಿಯುವ ಹುಡುಗರು.

ಈ ಪದ್ಧತಿ ಟಿಪ್ಪುವಿನಿಂದ ಶುರುವಾದದ್ದೂ ಅಲ್ಲ. 1779ರಲ್ಲಿ ಚಿತ್ರದುರ್ಗ ಬಿದ್ದಾಗ ಹೈದರ್ 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ತಕ್ಕ ವಯಸ್ಸಿನ ಗಂಡುಮಕ್ಕಳನ್ನು ಆರಿಸಿ, ಮತಾಂತರಿಸಿ, 'ಚೇಲಾ' ಪಡೆಗಳನ್ನು ಕಟ್ಟಿದ. ಚೇಲಾ ಎಂದರೆ ಶಿಷ್ಯ. ಇಂದು ನಾವು ರಾಜಕಾರಣಿಗಳ ಹಿಂಬಾಲಕರಿಗೆ ನಗುತ್ತಾ ಅನ್ನುವ ಮಾತು. ಆ ತಾಯಂದಿರಿಗೆ ಅದು ನಗುವ ಮಾತಾಗಿರಲಿಲ್ಲ.

ಮಧುಗಿರಿಯ ಏಕಶಿಲಾ ಬೆಟ್ಟಕ್ಕೂ ಇಂಥದೊಂದು ನೆನಪಿದೆ. 1763ರಲ್ಲಿ ಬಿದನೂರು ಗೆದ್ದ ಹೈದರ್, ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರ ಸೋಮಶೇಖರನನ್ನೂ ಇದೇ ಕೋಟೆಯಲ್ಲಿ ಸೆರೆಯಿಟ್ಟ. 1767ರಲ್ಲಿ ಮರಾಠರು ಕೋಟೆ ಹಿಡಿದು ಅವರನ್ನು ಬಿಡಿಸಿದರು. ಪುಣೆಯ ದಾರಿಯಲ್ಲಿ ರಾಣಿ ತೀರಿಕೊಂಡಳು. ನಮ್ಮ ಮಕ್ಕಳು ರಜೆಯಲ್ಲಿ ಬೆಟ್ಟ ಹತ್ತುವಾಗ ಯಾರಾದರೂ ಇದನ್ನು ಹೇಳಬೇಕು.

ಇಂಗ್ಲಿಷರೇನು ಬೇರೆಯೇ? 1792ರ ಒಪ್ಪಂದದಲ್ಲಿ ಕಾರ್ನ್‌ವಾಲಿಸ್ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನೇ ಒತ್ತೆಯಾಗಿ ಪಡೆದು ಮದ್ರಾಸಿಗೆ ಒಯ್ದ. ಅನ್ಯರ ಮಕ್ಕಳನ್ನು ಕಿತ್ತುಕೊಂಡ ದೊರೆ ತನ್ನ ಮಕ್ಕಳನ್ನೂ ಆನೆಯ ಮೇಲೆ ಕೂರಿಸಿ ಕಳಿಸಬೇಕಾಯಿತು. ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಆ ಹುಡುಗರ ಹೆಸರು ಉಳಿದಿದೆ. ಇಂಗ್ಲಿಷ್ ಕಲಾವಿದರು ಅವರ ಚಿತ್ರ ಬರೆದರು. 1794ರಲ್ಲಿ ಅವರು ತಂದೆಯ ಬಳಿಗೆ ಮರಳಿದರು.

1799ರ ನಂತರ ಪೂಜ್ಯ ದುಬ್ವಾ ಸ್ವಾಮಿಗಳು ಶ್ರೀರಂಗಪಟ್ಟಣಕ್ಕೆ ಬಂದು, ಸೆರೆಯಿಂದ ಹೊರಬಂದು ಚದುರಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ದುಡಿದರು. ಬಹಳ ಜನ ಕರಾವಳಿಗೆ ಹಿಂದಿರುಗಿದರು. ಗಂಜಾಂ ಈಗಲೂ ಆ ದ್ವೀಪದಲ್ಲಿದೆ, ಟಿಪ್ಪುವಿನ ಗುಂಬಜಿನ ಹತ್ತಿರವೇ. ಮೈಸೂರಿಗೆ ಹೋಗುವ ನಮ್ಮ ಬಸ್ಸುಗಳು ಅದರ ಸಮೀಪವೇ ಹಾದುಹೋಗುತ್ತವೆ.