ತಿಪ್ಪೆ ಟಮಾಟೆ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು

ಕಳವಾರದ ಸುತ್ತಮುತ್ತ ಯಾರ ಮನೆ ಅಡುಗೆಕೋಣೆಗೆ ಹೋದ್ರೂ ಈಗ ಒಂದೇ ದೂರು. "ತೋಟದ ತುಂಬ ಹಣ್ಣು ಬಿದ್ದೈತೆ, ಸಾರಿಗೆ ಮಾತ್ರ ಹುಣಸೆಹಣ್ಣೇ ಕಿವುಚಬೇಕು." ಹುಳಿನೂ ಇಲ್ಲ, ಸಿಹಿನೂ ಇಲ್ಲ ಅಂತಾರೆ. ಅವರು ಹೇಳೋದು ಸರಿ. ಅದು ಯಾಕೆ ಹಂಗಾಯ್ತು ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಟೊಮೆಟೊ ನಮ್ಮ ನೆಲದ ಬೆಳೆ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲಿನ ಕಾಡುಗಿಡ ಅದು. ಮೆಕ್ಸಿಕೊ ಕಡೆಯ ಜನ ಅದನ್ನ ಹೊಲಕ್ಕೆ ತಂದ್ರು. ಅವರ ನಹುವಾಟಲ್ ಭಾಷೆಯ 'ಟೊಮಾಟ್ಲ್' ಅನ್ನೋ ಮಾತೇ ಸವೆದು ಸವೆದು ನಮ್ಮ ಬಾಯಲ್ಲಿ ಟಮಾಟೆ ಆಗಿದೆ. 16ನೇ ಶತಮಾನದಲ್ಲಿ ಸ್ಪೇನಿನವರು ಯುರೋಪಿಗೆ ಒಯ್ದರು, ಆಮೇಲೆ ಪೋರ್ಚುಗೀಸರ ಜೊತೆ ನಮ್ಮ ದೇಶಕ್ಕೆ ಬಂತು.

ಮೆಣಸಿನಕಾಯಿನೂ ಅದೇ ಸೀಮೆಯದು, ಅದೇ ಹಡಗಿನ ದಾರೀಲೇ ಬಂದಿದ್ದು. ಆದ್ರೆ ಮೆಣಸಿನಕಾಯಿ ಬೇಗ ಮನೆಮನೆ ಹೊಕ್ಕಿತು, ಟೊಮೆಟೊ ನೂರಾರು ವರ್ಷ ಬಾಗಿಲಾಚೆಯೇ ನಿಂತಿತ್ತು. ನನಗನ್ನಿಸೋ ಕಾರಣ ಇಷ್ಟೇ: ಖಾರಕ್ಕೆ ನಮ್ಮಲ್ಲಿ ಇದ್ದದ್ದು ಕರಿಮೆಣಸು, ಅದು ದುಬಾರಿ. ಹುಳಿಗೆ ಊರೂರಿಗೂ ಹುಣಸೆ ತೋಪು ಇತ್ತು. ಪುಕ್ಕಟೆ ಸಿಗೋದನ್ನ ಬಿಟ್ಟು ಗುರುತಿಲ್ಲದ ಹಣ್ಣನ್ನ ಯಾರು ಸಾರಿಗೆ ಹಾಕ್ತಾರೆ?

ಜಾರ್ಜ್ ವಾಟ್ ಅನ್ನೋ ಬ್ರಿಟಿಷ್ ಅಧಿಕಾರಿ 1889ರಿಂದ 1893ರವರೆಗೆ ಭಾರತದ ಬೆಳೆಗಳ ಮೇಲೆ ದೊಡ್ಡ ನಿಘಂಟನ್ನೇ ಹೊರತಂದ. ಟೊಮೆಟೊವನ್ನ ಹೆಚ್ಚಾಗಿ ಬಿಳಿಯರಿಗೋಸ್ಕರ ಬೆಳೀತಾರೆ, ಇಲ್ಲಿಯವರು ಈಗೀಗ ಮೆಚ್ಚೋಕೆ ಶುರು ಮಾಡಿದಾರೆ ಅಂತ ಅದರಲ್ಲಿದೆ. ಅಂದ್ರೆ 130 ವರ್ಷದ ಹಿಂದಿನ ಮಾತು, ಅಷ್ಟೇ. ನಮ್ಮ ಸಾಕ್ಷಿ ಅಡುಗೆಮನೆಯಲ್ಲೂ ಇದೆ. ಬ್ರಾಹ್ಮಣರ ಮನೆ ತಿಥಿ ಅಡುಗೆಗೆ ಇವತ್ತಿಗೂ ಟೊಮೆಟೊ ಹಾಕಲ್ಲ, ಆಲೂಗೆಡ್ಡೆ, ಕೋಸೂ ಹಾಕಲ್ಲ. ಹಿರಿಯರು ತಿನ್ನದ ಪದಾರ್ಥವನ್ನ ಹಿರಿಯರ ಎಲೆಗೆ ಬಡಿಸಲ್ಲ. ಹೆಸರಲ್ಲೂ ಗುರುತು ಉಳಿದಿದೆ. ಕನ್ನಡದಲ್ಲಿ ಚಪ್ಪರಬದನೆ, ಗೂದೆಹಣ್ಣು ಅಂತ ಕರೆದದ್ದುಂಟು. ಕಂಡವರಿಗೆ ಅದು ಬದನೆ ಜಾತಿದು ಅಂತ ಆಗಲೇ ಹೊಳೆದಿತ್ತು!

ನಮ್ಮ ಕಡೆ ಅದು ಹಿತ್ತಿಲಿಗೆ ಬಂದಮೇಲೆ ಯಾರೂ ಅದನ್ನ ಬೆಳೀಲಿಲ್ಲ, ತಾನೇ ಬೆಳೀತು. ಕೊಳೆತ ಹಣ್ಣು ತಿಪ್ಪೆಗೆ ಬೀಳೋದು, ಮಳೆ ಬಿದ್ದಾಗ ತಿಪ್ಪೆ ತುಂಬ ಪೈರು. ನಾಲ್ಕು ಕಿತ್ತು ಬಚ್ಚಲು ನೀರು ಹರಿಯೋ ಕಡೆ ನೆಟ್ಟರೆ ಮನೆಗೆ ಸಾಕು. ಕೋಲಿಲ್ಲ, ಔಷಧಿ ಇಲ್ಲ, ನೆಲದ ಮೇಲೇ ಹರಡೋದು. ಹಣ್ಣು ಚಪ್ಪಟೆ, ಗೀರುಗೀರು, ಸಿಪ್ಪೆ ತೆಳು, ತೊಟ್ಟಿನ ಸುತ್ತ ಹೆಗಲು ಹಸಿರು, ಒಳಗೆಲ್ಲ ಲೋಳೆ ಬೀಜ. ನಮ್ಮವ್ವ ಮುದ್ದೆ ಮಾಡಿದ ಮೇಲೆ ಒಲೆ ಕೆಂಡದಲ್ಲಿ ಐದಾರು ಹಣ್ಣು, ಒಂದು ಈರುಳ್ಳಿ, ಹಸಿಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಉಪ್ಪು, ಬೆಳ್ಳುಳ್ಳಿ, ಕೊತ್ತಂಬರಿ ಹಾಕಿ ಕೈಯಲ್ಲೇ ಹಿಸುಕೋಳು. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ. ಬೇಳೆ ಇಲ್ಲದ ದಿನ ಅದೇ ಸಾರು. ಈಗಿನ ಹಣ್ಣಲ್ಲಿ ಅದೇ ಮಾಡಿ ನೋಡಿ, ಹಿಸುಕಿದ್ರೆ ತುಂಡು ತುಂಡಾಗುತ್ತೆ ಹೊರತು ರಸ ಬಿಡಲ್ಲ.

ಬದಲಾದದ್ದು ಯಾವಾಗ? ಮೊದಲು ದಿಲ್ಲಿ ಪೂಸಾ ಸಂಸ್ಥೆಯ ಪೂಸಾ ರೂಬಿ ಬಂತು. ಅದು ಇನ್ನೂ ಹುಳಿ ಹಣ್ಣೇ. 1965ರಲ್ಲಿ ಮನಮೋಹನ ಅತ್ತಾವರ ಅವರು ಬೆಂಗಳೂರಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಶುರು ಮಾಡಿದ್ರು. 1973ರಲ್ಲಿ ಅಲ್ಲಿಂದ ಬಂದ ಹೈಬ್ರಿಡ್ ಟೊಮೆಟೊಗೆ 'ಕರ್ನಾಟಕ' ಅಂತಲೇ ಹೆಸರು. ಅಲ್ಲಿಂದಾಚೆಗೆ ಕೋಲು ಕಟ್ಟೋ ಬೆಳೆ, ಬಾಕ್ಸು, ಮಂಡಿ. (ಆ ನೀಲಗಿರಿ ಕೋಲೂ ಪರದೇಶದ್ದೇ. ಆಸ್ಟ್ರೇಲಿಯಾದ ಆ ಮರವನ್ನ 1790ರ ಸುಮಾರಿಗೆ ಟಿಪ್ಪು ನಂದಿಬೆಟ್ಟದಲ್ಲಿ ನೆಡಿಸಿದ ಅಂತಾರೆ.)

ಚಿಂತಾಮಣಿಯಲ್ಲೋ ಕೋಲಾರದಲ್ಲೋ ಲೋಡಾದ ಹಣ್ಣು ಎರಡು ಮೂರು ದಿನ ಲಾರಿಯಲ್ಲಿ ಕೂತು ಉತ್ತರದ ರಾಜ್ಯಗಳಿಗೆ ಹೋಗ್ಬೇಕು. ತೆಳು ಸಿಪ್ಪೆ ಹಣ್ಣು ಅನಂತಪುರ ದಾಟೋ ಹೊತ್ತಿಗೆ ನೀರಾಗಿರುತ್ತೆ. ಅದಕ್ಕೆ ಗಟ್ಟಿ ಗೋಡೆಯ ಹಣ್ಣು ಆರಿಸಿದ್ರು. ಹಣ್ಣಿನ ಹುಳಿ ಹೆಚ್ಚಾಗಿ ಇರೋದು ಬೀಜದ ಸುತ್ತಿನ ಲೋಳೆಯಲ್ಲಿ. ಗೋಡೆ ದಪ್ಪ ಆದಷ್ಟೂ ಲೋಳೆ ಕಡಿಮೆ, ಹುಳಿನೂ ಕಡಿಮೆ. ಸಿಹಿ ಹೋದ ಕಥೆ ಇನ್ನೂ ಹಳೇದು. ಒಂದೇ ಸಮ ಕೆಂಪಾಗೋ ಹಣ್ಣು ನೋಡೋಕೆ ಚೆಂದ ಅಂತ ಹೊರದೇಶದ ತಳಿಗಾರರು 1930ರ ಆಸುಪಾಸಿನಿಂದಲೂ ಹಸಿರು ಹೆಗಲಿನ ಗಿಡಗಳನ್ನ ಬಿಡ್ತಾ ಬಂದ್ರು. 2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಸಂಶೋಧನೆ ಹೇಳಿದ್ದು ಏನಂದ್ರೆ, ಆ ಹಸಿರು ಹೆಗಲೇ ಕಾಯಿಯಲ್ಲಿ ಒಂದಿಷ್ಟು ಸಕ್ಕರೆ ತಯಾರು ಮಾಡ್ತಿತ್ತು. ಅದಕ್ಕೆ ಕಾರಣವಾದ ವಂಶವಾಹಿಯೇ ಕೆಟ್ಟ ಗಿಡಗಳನ್ನ ನಾವು ಚೆಂದ ಅಂತ ಸಾಕಿದ್ವಿ.

ಹಂಗಂತ ಹೈಬ್ರಿಡ್ ಬೈಯೋಕೆ ನಾನು ತಯಾರಿಲ್ಲ. ಬಿಳಿನೊಣದಿಂದ ಎಲೆಮುದುರು ರೋಗ ಬಂದು ತೋಟಕ್ಕೆ ತೋಟವೇ ಸೊರಗಿದ್ದನ್ನ ನೋಡಿದವರು ನಾವು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಆ ರೋಗ ತಡೆಯೋ ಸಂಕ್ರಾಂತಿ, ನಂದಿ, ವೈಭವ್ ತಳಿ ಕೊಟ್ಟಿತು, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಎಲೆಮುದುರು, ದುಂಡಾಣು ಸೊರಗು, ಎಲೆಚುಕ್ಕೆ ಮೂರನ್ನೂ ತಡೆಯೋ ಅರ್ಕಾ ರಕ್ಷಕ್ ಕೊಟ್ಟಿತು. ಮಂಡಿಗೆ ಅಂಥದ್ದೇ ಬೇಕು. ನನ್ನ ತಕರಾರು ಒಂದೇ: ಲಾರಿಗೆ ಅಂತ ಆರಿಸಿದ ಹಣ್ಣನ್ನ ಮನೆ ಮಡಕೆಗೂ ಯಾಕೆ ಹಾಕ್ಬೇಕು? 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದಾಗ ಟೊಮೆಟೊ ಹಾಕದೇ ಇದ್ದ ರೈತರೂ ಅಂಗಡೀಲಿ ಕಾಲು ಕೆಜಿ ಕೊಂಡ್ರು. ಹಿತ್ತಿಲಲ್ಲಿ ನಾಲ್ಕು ಗಿಡ ಇದ್ದವರಿಗೆ ಆ ತಾಪತ್ರಯ ಇರಲಿಲ್ಲ.

ಹಳೇ ನಾಟಿ ಬೀಜ ಸಿಗದಿದ್ರೆ ಹೆಸರಘಟ್ಟದ್ದೇ ಅರ್ಕಾ ವಿಕಾಸ್ ನೋಡಿ. ಅದು ಹೈಬ್ರಿಡ್ ಅಲ್ಲ, ನೀರು ಕಡಿಮೆ ಆದ್ರೂ ತಡೆಯುತ್ತೆ, ಕಾಯಿ ಹೆಗಲಲ್ಲಿ ತಿಳಿಹಸಿರು ಇರುತ್ತೆ. ಟೊಮೆಟೊ ಹೂವು ತನ್ನಲ್ಲೇ ಪರಾಗ ಕಟ್ಟೋದ್ರಿಂದ ಇಂಥ ತಳಿಯ ಬೀಜ ಇಟ್ಟುಕೊಂಡ್ರೆ ಮುಂದಿನ ವರ್ಷನೂ ಅದೇ ಹಣ್ಣು ಬರುತ್ತೆ. ಹೈಬ್ರಿಡ್ ಬೀಜ ಇಟ್ರೆ ಒಂದೊಂದು ಗಿಡ ಒಂದೊಂದು ಥರ. ರೋಗ ಇಲ್ಲದ ಗಿಡದಲ್ಲಿ ಚೆನ್ನಾಗಿ ಮಾಗಿದ ಹಣ್ಣು ಆರಿಸಿ, ಲೋಳೆ ಸಮೇತ ಬೀಜ ಲೋಟಕ್ಕೆ ಹಿಂಡಿ, ಎರಡು ದಿನ ಹುಳಿಯೋಕೆ ಬಿಡಿ. ಲೋಳೆ ಬಿಟ್ಟುಕೊಳ್ಳುತ್ತೆ. ತೇಲೋ ಬೀಜ ಚೆಲ್ಲಿ, ಮುಳುಗಿದ್ದನ್ನ ತೊಳೆದು ನೆರಳಲ್ಲಿ ಬಟ್ಟೆ ಮೇಲೆ ಒಣಗಿಸಿ.

ತಿಪ್ಪೆ ಟಮಾಟೆ ಬೀಜ ನಿಮ್ಮ ಊರಲ್ಲಿ ಯಾರಾದ್ರೂ ಅಜ್ಜಿ ಇನ್ನೂ ಇಟ್ಟಿದ್ರೆ ಇಲ್ಲಿ ಬರೀರಿ. ಶಿಡ್ಲಘಟ್ಟ, ಗೌರಿಬಿದನೂರು ಕಡೆಯಾದ್ರೂ ಸರಿ, ಬಂದು ಹತ್ತು ಬೀಜ ಈಸ್ಕೊಂಡು ಹೋಗ್ತೀನಿ.