ಹಳೆಯ ಕಾರುಗಳಲ್ಲಿ ವಿದ್ಯುತ್ ಫ್ಯಾನ್ ಅಳವಡಿಕೆ

ಹಳೆಯ ಕಾರುಗಳಲ್ಲಿ ವಿದ್ಯುತ್ ಫ್ಯಾನ್ ಅಳವಡಿಕೆ ಎಂದರೆ, ಎಂಜಿನ್ನಿನ ಬಲದಿಂದ ತಿರುಗುವ ರೇಡಿಯೇಟರ್ ಫ್ಯಾನನ್ನು ತೆಗೆದು, ಅದರ ಬದಲು ಮೋಟಾರಿನಿಂದ ತಿರುಗುವ ಫ್ಯಾನನ್ನು ಕೂರಿಸುವ ಮಾರ್ಪಾಡು. ಮೂಲ ಫ್ಯಾನು ಕ್ಲಚ್ ಇರುವುದಾಗಿರಬಹುದು ಅಥವಾ ವಾಟರ್ ಪಂಪಿನ ಪುಲ್ಲಿಗೆ ನೇರವಾಗಿ ಬಿಗಿದದ್ದಾಗಿರಬಹುದು. ನಿಧಾನ ಸಂಚಾರದಲ್ಲಿ ಎಂಜಿನ್ ಕಾಯುವುದನ್ನು ತಡೆಯುವುದು ಈ ಮಾರ್ಪಾಡಿನ ಮುಖ್ಯ ಉದ್ದೇಶ. ಕಾರಿನ ವಿದ್ಯುತ್ ವ್ಯವಸ್ಥೆಯು ಹೊಸ ಹೊರೆಯನ್ನು ತಾಳುವಂತಿದ್ದರೆ ಮಾತ್ರ ಈ ಉದ್ದೇಶ ಈಡೇರುತ್ತದೆ.

ಹಿನ್ನೆಲೆ

1958ರ ಸುಮಾರಿಗೆ ತಯಾರಿಕೆ ಆರಂಭವಾಗಿ 2014ರಲ್ಲಿ ನಿಂತ ಹಿಂದೂಸ್ತಾನ್ ಅಂಬಾಸಿಡರ್ ಹಾಗೂ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಫ್ಯಾನನ್ನು ವಾಟರ್ ಪಂಪಿನ ಮುಂತುದಿಗೆ ನೇರವಾಗಿ ಬಿಗಿಯಲಾಗುತ್ತಿತ್ತು. ಎಂಜಿನ್ ಓಡುವಷ್ಟು ಕಾಲವೂ ಇಂತಹ ಫ್ಯಾನು ತಿರುಗುತ್ತದೆ. ಮರ್ಸಿಡಿಸ್ ಬೆಂಜ್ ಡಬ್ಲ್ಯೂ 123 ಸರಣಿಯ ಹಲವು ಮಾದರಿಗಳು, ಅಮೆರಿಕದ ದೊಡ್ಡ ಕಾರುಗಳು ಮೊದಲಾದವುಗಳಲ್ಲಿ ಫ್ಯಾನಿಗೂ ಪುಲ್ಲಿಗೂ ನಡುವೆ ಕ್ಲಚ್ ಇರುತ್ತದೆ.

ಎಂಜಿನ್ನನ್ನು ಅಡ್ಡಲಾಗಿ ಕೂರಿಸಿದ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಎಂಜಿನ್ನಿನ ಪುಲ್ಲಿಯು ರೇಡಿಯೇಟರಿನ ಎದುರಿಗೆ ಬರುವುದಿಲ್ಲ. ಆದ್ದರಿಂದ ಅವುಗಳಿಗೆ ವಿದ್ಯುತ್ ಫ್ಯಾನು ಅನುಕೂಲಕರವಾಯಿತು. ಭಾರತದಲ್ಲಿ 1983ರಲ್ಲಿ ಬಂದ ಮಾರುತಿ 800 ಈ ಬಗೆಯ ಜನಪ್ರಿಯ ಕಾರು.

ಕ್ಲಚ್ ಫ್ಯಾನಿನ ಕಾರ್ಯವಿಧಾನ

ಕ್ಲಚ್ಚಿನೊಳಗೆ ಒಂದಕ್ಕೊಂದು ತಾಗದಂತೆ ಜೋಡಿಸಿದ ಗಾಡಿಗಳುಳ್ಳ ತಟ್ಟೆಗಳೂ ದಪ್ಪನೆಯ ಸಿಲಿಕೋನ್ ಎಣ್ಣೆಯೂ ಇರುತ್ತವೆ. ರೇಡಿಯೇಟರನ್ನು ದಾಟಿ ಬರುವ ಗಾಳಿ ಬಿಸಿಯಾದಾಗ ಮುಂಭಾಗದ ದ್ವಿಲೋಹ ಪಟ್ಟಿ ಬಾಗಿ ಕವಾಟವನ್ನು ತೆರೆಯುತ್ತದೆ. ಆಗ ಎಣ್ಣೆಯು ತಟ್ಟೆಗಳ ನಡುವೆ ಹರಿದು, ಪುಲ್ಲಿಯ ತಿರುಗುವಿಕೆಯನ್ನು ಫ್ಯಾನಿಗೆ ದಾಟಿಸುತ್ತದೆ. ಗಾಳಿ ತಣ್ಣಗಿದ್ದಾಗ ಕ್ಲಚ್ ಜಾರುವುದರಿಂದ ಫ್ಯಾನು ನಿಧಾನವಾಗಿ ತಿರುಗುತ್ತದೆ. ಫ್ಯಾನು ಬಳಸುವ ಶಕ್ತಿಯು ಅದರ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ವೇಗ ಇಮ್ಮಡಿಯಾದರೆ ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಹೆದ್ದಾರಿಯಲ್ಲಿ ವ್ಯರ್ಥವಾಗುವ ಈ ಶಕ್ತಿಯನ್ನು ಕ್ಲಚ್ ಉಳಿಸುತ್ತದೆ.

ಎಣ್ಣೆ ಸೋರಿದ ಕ್ಲಚ್ ಬಿಸಿಯಾದರೂ ಹಿಡಿಯುವುದಿಲ್ಲ. ಬಿಗಿದುಕೊಂಡ ಕ್ಲಚ್ ಸದಾ ಹಿಡಿದೇ ಇದ್ದು ಭೋರ್ಗರೆಯುವ ಸದ್ದು ಮಾಡುತ್ತದೆ. ನಿಲ್ಲಿಸಿದ ಎಂಜಿನ್ನಿನಲ್ಲಿ ಫ್ಯಾನನ್ನು ಕೈಯಿಂದ ತಳ್ಳಿದಾಗ ತಡೆಯಿಲ್ಲದೆ ಹಲವು ಸುತ್ತು ತಿರುಗಿದರೆ ಕ್ಲಚ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಹಲವು ವೇಳೆ ಕ್ಲಚ್ಚನ್ನು ಮಾತ್ರ ಬದಲಾಯಿಸಿದರೆ ಸಾಕಾಗುತ್ತದೆ.

ಹವಾಮಾನ ಮತ್ತು ರಸ್ತೆಯ ಪ್ರಭಾವ

ಸಾಮಾನ್ಯವಾಗಿ ಕಾರು ಗಂಟೆಗೆ 50ರಿಂದ 60 ಕಿ.ಮೀ.ಗಿಂತ ವೇಗವಾಗಿ ಚಲಿಸುವಾಗ ಎದುರುಗಾಳಿಯೇ ರೇಡಿಯೇಟರಿಗೆ ಸಾಕಾಗುತ್ತದೆ. ನಿಂತಾಗ ಅಥವಾ ತೆವಳುವಾಗ ಫ್ಯಾನು ಅನಿವಾರ್ಯ. ಈ ಎರಡು ಸ್ಥಿತಿಗಳ ವ್ಯತ್ಯಾಸಕ್ಕೆ ದಾವಣಗೆರೆ ಜಿಲ್ಲೆಯ ರಸ್ತೆಗಳು ಒಳ್ಳೆಯ ಉದಾಹರಣೆ. ದಾವಣಗೆರೆ ಮತ್ತು ಹರಿಹರದ ಬಳಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಫ್ಯಾನಿನ ಕೆಲಸ ಅತ್ಯಲ್ಪ. ಆದರೆ ಹರಿಹರ ತಾಲೂಕಿನಲ್ಲಿ ತುಂಗಭದ್ರಾ ನದಿಯ ದಡದಲ್ಲಿರುವ ಉಕ್ಕಡಗಾತ್ರಿಯ ಕರಿಬಸವೇಶ್ವರ ಕ್ಷೇತ್ರಕ್ಕೆ ಅಮಾವಾಸ್ಯೆಯಂದು ಹೆಚ್ಚಿನ ಸಂಖ್ಯೆಯಲ್ಲಿ ಭಕ್ತರು ಸೇರುತ್ತಾರೆ. ಇಂತಹ ಜನಸಂದಣಿಯಲ್ಲಿ ನಡಿಗೆಯ ವೇಗದಲ್ಲಿ ಸಾಗುವ ಕಾರಿಗೆ ಎದುರುಗಾಳಿ ದೊರೆಯದು. ಎಂಜಿನ್ನಿನ ವೇಗವೂ ಕಡಿಮೆಯಿರುವುದರಿಂದ ಬೆಲ್ಟಿನ ಫ್ಯಾನು ನಿಧಾನವಾಗಿಯೇ ತಿರುಗುತ್ತದೆ. ಎಂಜಿನ್ನಿನ ವೇಗವನ್ನು ಅವಲಂಬಿಸದೆ ಗಾಳಿ ಎಳೆಯಬಲ್ಲದ್ದೇ ವಿದ್ಯುತ್ ಫ್ಯಾನಿನ ಹಿರಿಮೆ.

ದಾವಣಗೆರೆಯು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 °ಸೆ.ನಲ್ಲಿಯೇ ಕುದಿಯುತ್ತದೆ. 7 ಪೌಂಡ್ ಒತ್ತಡದ ರೇಡಿಯೇಟರ್ ಮುಚ್ಚಳವು ಈ ಮಿತಿಯನ್ನು 10 °ಸೆ.ಗೂ ಹೆಚ್ಚು ಏರಿಸುತ್ತದೆ. ಆದ್ದರಿಂದ ಮುಚ್ಚಳದ ರಬ್ಬರು ಹಳತಾಗಿ ಒತ್ತಡ ನಿಲ್ಲದಿದ್ದರೆ, ಫ್ಯಾನು ಸರಿಯಿದ್ದರೂ ನೀರು ಬೇಗ ಕುದಿಯಬಹುದು.

ವಿದ್ಯುತ್ ಹೊರೆ

ಹಳೆಯ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ವ್ಯಾಪಕವಾಗಿ ಬಳಕೆಯಾದ ಲ್ಯೂಕಾಸ್ ಸಿ40 ಡೈನಮೊದ ಗರಿಷ್ಠ ಉತ್ಪಾದನೆ 22 ಆಂಪಿಯರ್. 12 ವೋಲ್ಟಿನಲ್ಲಿ 150 ವ್ಯಾಟ್ ಬಳಸುವ ಫ್ಯಾನಿಗೆ 12.5 ಆಂಪಿಯರ್ ಬೇಕು. ತಲಾ 45 ವ್ಯಾಟಿನ ಎರಡು ಹೆಡ್‌ಲೈಟುಗಳಿಗೆ 7.5 ಆಂಪಿಯರ್ ಹಾಗೂ ಇಗ್ನಿಷನ್ ಕಾಯಿಲ್ಲಿಗೆ 3 ಆಂಪಿಯರ್ ಸೇರಿಸಿದರೆ ಮೊತ್ತ 23 ಆಂಪಿಯರ್ ಆಗುತ್ತದೆ. ವೈಪರ್, ಹಿಂಬದಿಯ ದೀಪಗಳು ಮತ್ತು ಹಾರ್ನ್ ಈ ಲೆಕ್ಕದ ಹೊರಗಿವೆ.

ಡೈನಮೊ ತನ್ನ ಗರಿಷ್ಠ ಉತ್ಪಾದನೆಯನ್ನು ಎಂಜಿನ್ ವೇಗವಾಗಿ ತಿರುಗುವಾಗ ಮಾತ್ರ ಕೊಡುತ್ತದೆ. ಐಡ್ಲಿಂಗ್‌ನಲ್ಲಿ ಅದರಿಂದ ಬರುವುದು ಅತ್ಯಲ್ಪ. ಹೀಗಾಗಿ ಫ್ಯಾನು ಅತ್ಯಂತ ಅಗತ್ಯವಾದ ಹೊತ್ತಿನಲ್ಲಿಯೇ ಅದರ ಹೊರೆಯೆಲ್ಲ ಬ್ಯಾಟರಿಯ ಮೇಲೆ ಬೀಳುತ್ತದೆ. ಈ ಕಾರಣದಿಂದ ಡೈನಮೊ ಇರುವ ಕಾರಿಗೆ ಮೊದಲು ಆಲ್ಟರ್ನೇಟರ್ ಅಳವಡಿಸಿ, ಆಮೇಲೆ ಫ್ಯಾನನ್ನು ಬದಲಾಯಿಸುವುದು ಸೂಕ್ತ ಕ್ರಮ. ಸಾಮಾನ್ಯ ಆಲ್ಟರ್ನೇಟರುಗಳು ಬ್ಯಾಟರಿಯ ಋಣ ತುದಿಯನ್ನು ಬಾಡಿಗೆ ಜೋಡಿಸಿದ ವ್ಯವಸ್ಥೆಗೆ ರೂಪಿತವಾಗಿವೆ. ಧನ ತುದಿಯನ್ನು ಬಾಡಿಗೆ ಜೋಡಿಸಿರುವ ಹಳೆಯ ಕಾರುಗಳಲ್ಲಿ ಜೋಡಣೆಯನ್ನು ಮೊದಲು ತಿರುಗಿಸಬೇಕು. ಇಲ್ಲದಿದ್ದರೆ ಆಲ್ಟರ್ನೇಟರಿನ ಡಯೋಡುಗಳು ಸುಡುತ್ತವೆ.

ಅಳವಡಿಕೆ

ಕೆಲಸ ಆರಂಭಿಸುವ ಮುನ್ನ ಬ್ಯಾಟರಿಯ ಸಂಪರ್ಕ ತೆಗೆದು, ಎಂಜಿನ್ ತಣಿಯಲು ಬಿಡಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿನೀರು ಚಿಮ್ಮಿ ತೀವ್ರವಾದ ಸುಟ್ಟ ಗಾಯಗಳಾಗಬಹುದು.

ಹಳೆಯ ಫ್ಯಾನು: ಫ್ಯಾನನ್ನು ತೆಗೆದರೂ ಬೆಲ್ಟ್ ಉಳಿಯಬೇಕು, ವಾಟರ್ ಪಂಪ್ ಮತ್ತು ಡೈನಮೊ ಅದರಿಂದಲೇ ತಿರುಗುತ್ತವೆ. ಫ್ಯಾನಿನ ದಪ್ಪ ಇಲ್ಲವಾಗುವುದರಿಂದ ಪುಲ್ಲಿಗೆ ಗಿಡ್ಡ ಬೋಲ್ಟುಗಳನ್ನು ಹಾಕಬೇಕು. ಉದ್ದನೆಯ ಬೋಲ್ಟುಗಳು ಪುಲ್ಲಿಯನ್ನು ಬಿಗಿಯದಿರಬಹುದು ಅಥವಾ ಪಂಪಿನ ಬಾಡಿಗೆ ತಾಗಬಹುದು.

ಫ್ಯಾನಿನ ಸ್ಥಾನ: ರೇಡಿಯೇಟರಿನ ಹಿಂದೆ ನಿಂತು ಗಾಳಿಯನ್ನು ಎಳೆಯುವ ಫ್ಯಾನು ಹೆಚ್ಚು ಪರಿಣಾಮಕಾರಿ. ಹಿಂದೆ ಜಾಗವಿಲ್ಲದಿದ್ದರೆ ಮುಂದಿನಿಂದ ತಳ್ಳುವ ಫ್ಯಾನನ್ನು ಹಾಕಬಹುದು. ಆದರೆ ಅದು ಎದುರುಗಾಳಿಗೆ ಸ್ವಲ್ಪ ಅಡ್ಡಿಯಾಗುತ್ತದೆ. ಮೋಟಾರನ್ನು ತಿರುವುಮುರುವು ತಿರುಗಿಸುವುದಷ್ಟೇ ಸಾಲದು, ರೆಕ್ಕೆಯ ಬಾಗೂ ದಿಕ್ಕಿಗೆ ಹೊಂದಬೇಕು.

ಕವಚ: ರೇಡಿಯೇಟರಿನ ಇಡೀ ಮುಖವನ್ನು ಆವರಿಸಿ, ಫ್ಯಾನಿನ ಸುತ್ತ ಮಾತ್ರ ತೆರೆದಿರುವ ತಗಡಿನ ಕವಚವು ಅಗತ್ಯ. ಅದಿಲ್ಲದಿದ್ದರೆ ಫ್ಯಾನು ತನ್ನ ಎದುರಿನ ವೃತ್ತದಿಂದ ಮಾತ್ರ ಗಾಳಿ ಎಳೆಯುತ್ತದೆ. ಮೂಲೆಗಳು ಬಿಸಿಯಾಗಿಯೇ ಉಳಿಯುತ್ತವೆ. ಫ್ಯಾನನ್ನು ಪ್ಲಾಸ್ಟಿಕ್ ಪಟ್ಟಿಗಳಿಂದ ರೇಡಿಯೇಟರಿನ ರೆಕ್ಕೆಗಳಿಗೆ ಕಟ್ಟಿದರೆ ಕಂಪನದಿಂದ ನಾಳಗಳು ಸವೆದು ಸೋರುತ್ತವೆ. ಚೌಕಟ್ಟಿಗೆ ಕ್ಲಾಂಪ್ ಹಾಕಿ ನಿಲ್ಲಿಸುವುದು ಸುರಕ್ಷಿತ.

ವೈರಿಂಗ್: ಫ್ಯಾನಿನ ವಿದ್ಯುತ್ತನ್ನು ಇಗ್ನಿಷನ್ ಸ್ವಿಚ್ಚಿನ ಮೂಲಕ ನೇರವಾಗಿ ಹರಿಸಬಾರದು. ಬ್ಯಾಟರಿಯಿಂದ ಫ್ಯೂಸಿನ ಮೂಲಕ ರಿಲೇಯ 30ನೇ ತುದಿಗೂ, 87ನೇ ತುದಿಯಿಂದ ಫ್ಯಾನಿಗೂ ದಪ್ಪ ತಂತಿ ಎಳೆಯಬೇಕು. 85 ಮತ್ತು 86ನೇ ತುದಿಗಳಲ್ಲಿ ಒಂದಕ್ಕೆ ಇಗ್ನಿಷನ್ನಿನಿಂದ, ಇನ್ನೊಂದಕ್ಕೆ ಉಷ್ಣ ಸ್ವಿಚ್ಚಿನ ಮೂಲಕ ಬಾಡಿಗೆ ಸಂಪರ್ಕ ಕೊಡಲಾಗುತ್ತದೆ. ಆರಂಭದ ಕ್ಷಣದಲ್ಲಿ ಮೋಟಾರು ಸಾಮಾನ್ಯಕ್ಕಿಂತ ಹಲವು ಪಟ್ಟು ವಿದ್ಯುತ್ ಎಳೆಯುವುದರಿಂದ ಫ್ಯೂಸನ್ನು ಅದಕ್ಕೆ ತಕ್ಕಂತೆ ಆರಿಸಬೇಕು.

ಉಷ್ಣ ಸ್ವಿಚ್: 82 °ಸೆ.ನಲ್ಲಿ ತೆರೆಯುವ ಥರ್ಮೋಸ್ಟಾಟ್ ಇರುವ ಎಂಜಿನ್ನಿಗೆ, ಸುಮಾರು 92 °ಸೆ.ನಲ್ಲಿ ಹೊತ್ತಿ 87 °ಸೆ.ನಲ್ಲಿ ಆರುವ ಸ್ವಿಚ್ ಹೊಂದುತ್ತದೆ. ಥರ್ಮೋಸ್ಟಾಟಿಗಿಂತ ಕಡಿಮೆ ಉಷ್ಣತೆಗೆ ಹೊಂದಿಸಿದರೆ ಫ್ಯಾನು ನಿಲ್ಲದೆ ತಿರುಗುತ್ತದೆ.

ಮಿತಿಗಳು

ಒಳಗೆ ಕೆಸರು ಕಟ್ಟಿದ ರೇಡಿಯೇಟರ್, ಸವೆದ ಪಂಪ್, ತಪ್ಪಿದ ಇಗ್ನಿಷನ್ ಟೈಮಿಂಗ್ ಅಥವಾ ಸೋರುವ ಹೆಡ್ ಗ್ಯಾಸ್ಕೆಟ್ಟಿನಿಂದ ಎಂಜಿನ್ ಕಾಯುತ್ತಿದ್ದರೆ ವಿದ್ಯುತ್ ಫ್ಯಾನು ಪರಿಹಾರವಲ್ಲ. ಕಾರು ಹೆದ್ದಾರಿಯ ವೇಗದಲ್ಲಿ ಕಾಯುತ್ತಿದ್ದರೆ ದೋಷವನ್ನು ಇವುಗಳಲ್ಲಿ ಹುಡುಕಬೇಕು. ನಿಂತಾಗ ಮಾತ್ರ ಕಾಯುತ್ತಿದ್ದರೆ ಫ್ಯಾನಿನ ಕೊರತೆ ಇರಬಹುದು. ಬೆಲ್ಟಿನ ಫ್ಯಾನಿಗೆ ಹೋಲಿಸಿದರೆ ವಿದ್ಯುತ್ ಫ್ಯಾನಿನಲ್ಲಿ ಫ್ಯೂಸು, ರಿಲೇ, ಸ್ವಿಚ್ಚು, ಮೋಟಾರು ಎಂಬ ನಾಲ್ಕು ಹೊಸ ವೈಫಲ್ಯದ ತಾಣಗಳಿವೆ. ಆದ್ದರಿಂದ ಡ್ಯಾಶ್‌ಬೋರ್ಡಿನಲ್ಲಿ ಉಷ್ಣಮಾಪಕ ಹಾಗೂ ಫ್ಯಾನನ್ನು ಕೈಯಿಂದ ಚಾಲೂ ಮಾಡುವ ಒಂದು ಸ್ವಿಚ್ ಇರುವುದು ಒಳ್ಳೆಯದು.

ಮೂಲರೂಪದ ಪ್ರಶ್ನೆ

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, 50 ವರ್ಷಕ್ಕಿಂತ ಹಳೆಯದಾಗಿದ್ದು ಮೂಲರೂಪದಲ್ಲಿರುವ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸಬಹುದು. ಅವುಗಳಿಗೆ ‘ವಿಎ’ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂತಹ ಸಂಗ್ರಹಗಳಲ್ಲಿ ಪ್ರದರ್ಶನಕ್ಕಿರುವ ಕಾರುಗಳಿಗೂ ನಿತ್ಯ ಓಡಾಡುವ ಕಾರುಗಳಿಗೂ ಅಗತ್ಯಗಳು ಬೇರೆ. ಮೂಲರೂಪಕ್ಕೆ ಬೆಲೆ ಕೊಡುವ ಮಾಲೀಕರು ಹೊಸ ರಂಧ್ರ ಕೊರೆಯದೆ, ಕತ್ತರಿಸದೆ, ಹಿಂತಿರುಗಿಸಬಹುದಾದ ರೀತಿಯಲ್ಲಿ ಫ್ಯಾನನ್ನು ಅಳವಡಿಸಿ, ತೆಗೆದ ಫ್ಯಾನು, ಕ್ಲಚ್ ಮತ್ತು ಬೋಲ್ಟುಗಳನ್ನು ಜೋಪಾನವಾಗಿ ಇಡುವುದು ಉಚಿತ.

ಇವನ್ನೂ ನೋಡಿ

ರೇಡಿಯೇಟರ್
ಆಲ್ಟರ್ನೇಟರ್
ಹಿಂದೂಸ್ತಾನ್ ಅಂಬಾಸಿಡರ್
ಉಕ್ಕಡಗಾತ್ರಿ